ಎರಡು ಕೌಂಟಿಗಳ ನಡುವೆ ಎಸ್ರಾನ ಒಲೆ

ಗರೆಗ್‌ವೆನ್ ಮನೆಯ ಎಸ್ರಾ ತನ್ನ ಜೀವಮಾನದಲ್ಲಿ ಏನನ್ನಾದರೂ ಪುಕ್ಕಟೆಯಾಗಿ ಕೊಡಲು ಹೊರಟದ್ದು ಒಂದೇ ಒಂದು ಸಲ. ಅವತ್ತು ಕೊಡಲು ಹೊರಟದ್ದು ತನ್ನ ಮನೆಯನ್ನೇ, ಅದೂ ಪಕ್ಕದ ಕೌಂಟಿಗೆ. ಕೊಡುವ ಮೊದಲೇ ಸಿಕ್ಕಿಬಿದ್ದದ್ದರಿಂದ ಅದು ಕೊಟ್ಟ ಲೆಕ್ಕಕ್ಕೆ ಬರುವುದಿಲ್ಲ ಎಂದು ನಮ್ಮ ಕಡೆಯ ಮುದುಕರು ಇಂದಿಗೂ ಸಮಾಧಾನ ಪಟ್ಟುಕೊಳ್ಳುತ್ತಾರೆ. ಕಾರ್ಡಿಗನ್ ಕೌಂಟಿಯವರಾದ ನಮ್ಮನ್ನು ಇಡೀ ವೇಲ್ಸ್ ಕಾರ್ಡಿಗಳೆಂದು ಕರೆದು, ಜಿಪುಣರೆಂದು ನಗುತ್ತದೆ. ನಗಲಿ. ಆದರೆ ದಾನಿಗಳೆಂದು ಹೆಸರು ಕೆಟ್ಟರೆ ನಾಳೆ ಸಂತೆಯಲ್ಲಿ ನಮ್ಮೊಡನೆ ಚೌಕಾಸಿಗೆ ಯಾರು ನಿಲ್ಲುತ್ತಾರೆ?

ಎಸ್ರಾನಿಗೆ ಆಗ ನಲವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ಮೈಮೇಲಿದ್ದದ್ದು ಅಪ್ಪನ ಕೋಟು. ಬಣ್ಣ ಹೋದ ಮೇಲೆ ಒಳಮಗ್ಗುಲು ಹೊರಗೆ ಮಾಡಿ ಹೊಲಿಸಿದ್ದ. ಆ ಮಗ್ಗುಲೂ ಬಣ್ಣ ಕಳೆದುಕೊಂಡಾಗ ಹೊರಮಗ್ಗುಲು ಈಗ ಅಷ್ಟೇನೂ ಕೆಟ್ಟದಾಗಿ ಕಾಣುತ್ತಿಲ್ಲವಲ್ಲ ಎಂದು ಯೋಚಿಸುತ್ತಿದ್ದ. ಕೆಲವು ಕುರಿ, ಎರಡು ಕಪ್ಪು ಹಸು, ಗುಡ್ಡದ ಇಳಿಜಾರಿನಲ್ಲೊಂದು ಉದ್ದನೆಯ ಮನೆ. ಊರ ಪ್ರಾರ್ಥನಾಮಂದಿರವಾದ ಚಾಪೆಲ್ಲಿನ ಹಾಡುಗಾರರಲ್ಲಿ ಅವನದು ಎಲ್ಲರಿಗಿಂತ ತಗ್ಗಿನ ದನಿ. ಅವನು ಬಾಯಿ ತೆರೆದರೆ ಮುಂದಿನ ಸಾಲಿನ ಬೆಂಚು ನಡುಗುತ್ತಿತ್ತು.

ಮನೆಯ ಕತೆ ಹೇಳದೆ ಎಸ್ರಾನ ಕತೆ ಮುಂದೆ ಹೋಗುವುದಿಲ್ಲ. ಅದನ್ನು ಕಟ್ಟಿದವನು ಅವನ ಅಜ್ಜ. ಒಂದೇ ಸೂರಿನಡಿ ಬಡಗಣ ಅರ್ಧದಲ್ಲಿ ಅಡುಗೆಮನೆ, ತೆಂಕಣ ಅರ್ಧದಲ್ಲಿ ಕೊಟ್ಟಿಗೆ, ನಡುವೆ ಒಂದು ಗೋಡೆ. ಹಸುಗಳ ಮೈ ಶಾಖ ಗೋಡೆ ದಾಟಿ ಜನರಿಗೂ ಒಂದಿಷ್ಟು ಸಿಗಲಿ ಎಂಬ ಏರ್ಪಾಡು. ಅಜ್ಜ ಜಾಗ ನೋಡಲು ಹೋದಾಗ ಹೊಲದ ನಡುವೆ ಎದೆಮಟ್ಟದ ಬಿಳಿಕಲ್ಲೊಂದು ನಿಂತಿತ್ತು. ಕಾರ್ಡಿಗನ್‌ಗೂ ಕಾರ್ಮಾರ್ದನ್‌ಗೂ ಗಡಿ ತೋರಿಸಲೆಂದು ಯಾವ ಕಾಲದಲ್ಲೋ ನೆಟ್ಟ ಕಲ್ಲು ಅದು. ಬೇರೆ ಯಾರಾದರೂ ಆಗಿದ್ದರೆ ಅದರಿಂದ ದೂರ ಸರಿದು ಮನೆ ಕಟ್ಟಿಕೊಳ್ಳುತ್ತಿದ್ದರು. ಅಜ್ಜನಿಗೆ ಮಾತ್ರ, ಇಷ್ಟು ಒಳ್ಳೆಯ ಕಲ್ಲು ಕೆಲಸವಿಲ್ಲದೆ ಮಳೆಯಲ್ಲಿ ನೆನೆಯುತ್ತಾ ನಿಂತಿದೆಯಲ್ಲ ಎಂದು ಹೊಟ್ಟೆ ಉರಿಯಿತು. ಎಳೆದು ತರುವ ಕಷ್ಟವಿಲ್ಲ, ನಿಲ್ಲಿಸುವ ಶ್ರಮವಿಲ್ಲ. ಅದನ್ನು ನಡುಗೋಡೆಯೊಳಗೆ ಸೇರಿಸಿ, ಅದರ ಎರಡೂ ಕಡೆಗೆ ಮನೆ ಕಟ್ಟಿಬಿಟ್ಟ. ಮೇಲೆ ಸುಣ್ಣ ಬಳಿದ. ಮನೆಗೆ ಗರೆಗ್‌ವೆನ್, ಅಂದರೆ ಬಿಳಿಕಲ್ಲು, ಎಂದು ಹೆಸರೂ ಬಂತು. ಆ ಬಿಳಿಕಲ್ಲು ಎಲ್ಲಿ ಎಂದು ಮುಂದೆ ಯಾರೂ ಕೇಳಲಿಲ್ಲ. ಇದ್ದ ಊರಿನ ಹೆಸರಿಗೆ ಅರ್ಥ ಹುಡುಕುವಷ್ಟು ಪುರುಸೊತ್ತು ಯಾರಿಗಿರುತ್ತದೆ?

ಕಲ್ಲು ಎಲ್ಲಿದೆ ಎಂದು ಎಸ್ರಾನಿಗೆ ಗೊತ್ತಿತ್ತು. ಅವನಿಗಲ್ಲ, ಅವನ ನೆತ್ತಿಗೆ ಗೊತ್ತಿತ್ತು. ಹಿಂದೆಲ್ಲ ಆಗೀಗ ಊರ ಹಿರಿಯರು ಸೇರಿ ಗಡಿ ಸುತ್ತುತ್ತಿದ್ದರು. ಪ್ರತಿ ಗುರುತಿನ ಹತ್ತಿರ ಒಬ್ಬ ಹುಡುಗನನ್ನು ತಲೆಕೆಳಗಾಗಿ ಹಿಡಿದು ಅವನ ನೆತ್ತಿಯನ್ನು ಕಲ್ಲಿಗೆ ಕುಟ್ಟುತ್ತಿದ್ದರು. ಕಾಗದ ಕಳೆದುಹೋಗುತ್ತದೆ, ಕುಟ್ಟಿಸಿಕೊಂಡ ತಲೆ ಮರೆಯುವುದಿಲ್ಲ ಎಂಬ ಲೆಕ್ಕ. ಕೊನೆಯ ಸಲ ಗಡಿ ಸುತ್ತಿದಾಗ ಎಸ್ರಾ ಹಲ್ಲು ಬಿದ್ದ ಹುಡುಗ. ಮೆರವಣಿಗೆ ಕೊಟ್ಟಿಗೆಯ ಬಾಗಿಲಿನಿಂದ ಒಳಗೆ ಬಂದು, ನಡುಗೋಡೆಗೆ ಅವನ ತಲೆ ಕುಟ್ಟಿ, ಅಡುಗೆಮನೆಯ ಕಿಟಕಿಯಿಂದ ಹಾರಿ ಹೊರಗೆ ಹೋಯಿತು. ಆ ದಿನ ಅವನ ಕಾಲು ಹಿಡಿದಿದ್ದವನು ಹಳ್ಳದಾಚೆಯ, ಕಾರ್ಮಾರ್ದನ್ ಕಡೆಯ ಷಡ್ರಾಕ್, ಆಗಿನ್ನೂ ಮೀಸೆ ತಿರುವುವ ವಯಸ್ಸಿನವನು. ಉಳಿದವರಲ್ಲಿ ಕೆಲವರು ತೀರಿಕೊಂಡರು, ಕೆಲವರು ಲಂಡನ್ನಿಗೆ ಹಾಲು ಮಾರಲು ಹೋದರು, ಇನ್ನು ಕೆಲವರು ತೆಂಕಣದ ಕಲ್ಲಿದ್ದಲ ಗಣಿಗೆ ಇಳಿದರು. ಗುಟ್ಟು ಬಲ್ಲವರು ಇಬ್ಬರೇ ಉಳಿದರು.

ಈ ಷಡ್ರಾಕನ ತಮ್ಮನ ಮಗಳು ಲೆಟಿ. ಗಂಡ ತೀರಿಕೊಂಡ ಮೇಲೆ ದೊಡ್ಡಪ್ಪನ ಮನೆಗೆ ಬಂದು ಅವನ ಕುರಿ, ಹೆಬ್ಬಾತು, ಹೊಟ್ಟೆ ಮೂರನ್ನೂ ನೋಡಿಕೊಳ್ಳುತ್ತಿದ್ದಳು. ಹಳ್ಳದ ಎರಡೂ ದಡದವರಿಗೆ ಇದ್ದದ್ದು ಒಂದೇ ಚಾಪೆಲ್ಲು. ಅಲ್ಲಿ ಅವಳ ದನಿಯೂ ಎಸ್ರಾನ ದನಿಯೂ ಎಷ್ಟೋ ವರ್ಷಗಳಿಂದ ಒಂದೇ ಸೂರಿನಡಿ ಸಂಸಾರ ಮಾಡುತ್ತಿದ್ದವು. ಜನರಿಗೂ ಅದೇ ಬುದ್ಧಿ ಬರಬೇಕಿತ್ತಷ್ಟೇ. ಮೆಚ್ಚಿದ ಹೆಣ್ಣಿಗೆ ಕೊಡುವ ನಮ್ಮ ಕಡೆಯ ಪದ್ಧತಿಯಂತೆ ಎಸ್ರಾ ಅವಳಿಗೊಂದು ಮರದ ಚಮಚ ಕೆತ್ತಿ ಕೊಟ್ಟಿದ್ದ. ಮುರಿದ ಕುಂಟೆಯ ಹಿಡಿಯಿಂದ ಕೆತ್ತಿದ್ದೆಂದು ಅವಳು ನೋಡಿದ ಕೂಡಲೇ ಕಂಡುಹಿಡಿದಳು. ಆದರೂ ಇಟ್ಟುಕೊಂಡಳು.

ತೊಡಕಿದ್ದದ್ದು ಒಲೆಯಲ್ಲಿ. ಹುಡುಗಿಯಾಗಿದ್ದಾಗ ಲೆಟಿ ಎರಡು ವರ್ಷ ನಮ್ಮ ಕೌಂಟಿಯ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಜವುಗಿನಲ್ಲಿ ಕೊರೆದು ಒಣಗಿಸಿದ ಮಣ್ಣುಹೆಂಟೆಯೇ ಇಲ್ಲಿ ಸೌದೆ. ಆ ಮನೆಯ ಯಜಮಾನ ಒಂದೊಂದು ಹೆಂಟೆಯನ್ನೂ ತಾನೇ ಎತ್ತಿ ಕೊಡುತ್ತಿದ್ದ. ಕೊಟ್ಟಮೇಲೆ ಒಲೆಯ ಮುಂದೆ ನಿಂತು, ಅದು ಬೇಗ ಉರಿಯುತ್ತಿದೆಯೆಂದು ಅವಳನ್ನು ಬೈಯುತ್ತಿದ್ದ. ಆ ಚಳಿ ಅವಳ ಮೂಳೆಯಲ್ಲಿ ಕೂತುಬಿಟ್ಟಿತ್ತು. ಒಮ್ಮೆ ಚಾಪೆಲ್ಲಿನ ಚಹಾಕೂಟದಲ್ಲಿ ಯಾರೋ ಎಸ್ರಾನ ಹೆಸರೆತ್ತಿ ಕೆಣಕಿದಾಗ, ಬಸಿ ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟಳು: "ಕಾರ್ಡಿ ನೆಲದ ಮೇಲೆ ನಾನು ಒಲೆ ಹಚ್ಚಿದ್ರೆ ನನ್ನ ಹೆಸರು ಲೆಟಿ ಅಲ್ಲ!"

ಹಾಡಿನ ಅಭ್ಯಾಸ ಮುಗಿಸಿ ಬರುತ್ತಾ ಹಳ್ಳದ ಸೇತುವೆಯ ಮೇಲೆ ಎಸ್ರಾ ಮದುವೆಯ ಮಾತೆತ್ತಿದಾಗ ಅವಳು ಸಿಟ್ಟಾಗಲಿಲ್ಲ.

"ನಿನ್ನ ಮೇಲೆ ನನಗೇನೂ ಬೇಜಾರಿಲ್ಲ ಎಸ್ರಾ. ನಿನ್ನ ಒಲೆ ಮೇಲೆ."

"ಅದೇನು ಮಾಡ್ತು ಪಾಪ?"

"ಅದಿರೋ ಜಾಗ ಸರಿ ಇಲ್ಲ. ಅಷ್ಟು ಜನರ ಮುಂದೆ ಆಡಿದೀನಿ, ಈಗ ನುಂಗಿಕೊಳ್ಳೋಕೆ ಆಗುತ್ತಾ?"

"ಹಾಗಾದ್ರೆ ನಾನೇ ನಿಮ್ಮಲ್ಲಿಗೆ ಬರ್ತೀನಿ."

"ದೊಡ್ಡಪ್ಪನ್ನ ಕೇಳಿದೀಯಾ?"

ಕೇಳಿದ್ದ. "ಕಾರ್ಡಿಯನ್ನ ಮನೆಯೊಳಗೆ ಬಿಟ್ಕೊಂಡ್ರೆ ಬೆಣ್ಣೆ ಎಲ್ಲಿ ಬಚ್ಚಿಡ್ಲಿ?" ಎಂದಿದ್ದ ಷಡ್ರಾಕ್. ನಿಜವಾದ ಭಯ ಬೆಣ್ಣೆಯದಲ್ಲ. ಲೆಟಿ ಕಾಯಿಸುವ ಕೌಲ್, ಅಂದರೆ ಕುರಿಮಾಂಸ, ಕಾಡುಬೆಳ್ಳುಳ್ಳಿ, ಆಲೂಗಡ್ಡೆ ಹಾಕಿದ ಸಾರು, ಮುಂದೆ ಇನ್ನೊಬ್ಬನ ಬಟ್ಟಲಿಗೆ ಬೀಳುತ್ತದಲ್ಲ ಎಂಬುದು ಅವನ ಭಯ.

ಹೀಗಿರುವಾಗ ಸೈನ್ಯದ ಮೋಜಣಿಯವರು ಬಂದರು. ಹದಿನೆಂಟುನೂರ ಎಂಬತ್ತರ ದಶಕ ಅದು. ಕೌಂಟಿ ಕೌಂಟಿಗಳನ್ನೇ ಅಳೆದು ಪ್ರತಿ ಮನೆ, ಪ್ರತಿ ಬೇಲಿ ಕಾಣುವಷ್ಟು ದೊಡ್ಡ ನಕ್ಷೆ ಬರೆಯುತ್ತಾರಂತೆ ಎಂದು ಸುದ್ದಿಯಾಯಿತು. ಅಲ್ಲಿಯವರೆಗೆ ನಮಗಿದ್ದದ್ದು ಚಾಪೆಲ್ಲಿನ ಪಕ್ಕದ ಕೋಣೆಯಲ್ಲಿ ತೂಗುಹಾಕಿದ್ದ ಹಳೆಯ ಕೌಂಟಿ ನಕ್ಷೆಯೊಂದೇ. ಅದರಲ್ಲಿ ಗುಡ್ಡಗಳು ಇಲಿ ತೋಡಿದ ಮಣ್ಣಿನ ಗುಪ್ಪೆಗಳಂತಿದ್ದವು. ಬರೆದ ಪುಣ್ಯಾತ್ಮ ನಮ್ಮ ಕಡೆಗೆ ಹತ್ತಿ ಬಂದಿರಲೇ ಇಲ್ಲ. ಏನಿದೆಯೋ ಗೊತ್ತಿಲ್ಲದ ಮೂಲೆಯಲ್ಲಿ ಕೊಬ್ಬಿದ ಕುರಿಯೊಂದನ್ನು ಬರೆದು ಜಾಗ ತುಂಬಿಸಿದ್ದ. ಕೌಂಟಿಯ ಗಡಿ ಚುಕ್ಕಿಚುಕ್ಕಿಯಾಗಿ ಬಂದು ಕುರಿಯ ಬಾಯೊಳಗೆ ಹೋಗಿ ಬಾಲದ ಹತ್ತಿರ ಹೊರಬರುತ್ತಿತ್ತು. ಗರೆಗ್‌ವೆನ್ ಮನೆ ಅದರ ಹೊಟ್ಟೆಯಲ್ಲೆಲ್ಲೋ ಇತ್ತು.

ಮೋಜಣಿಯವರಿಗೆ ಪ್ರತಿ ಕೌಂಟಿಯಿಂದಲೂ ಒಬ್ಬೊಬ್ಬ ಗಡಿಯಾಳು ಬೇಕಿತ್ತು. ಇಬ್ಬರೂ ಜೊತೆಯಾಗಿ ನಡೆದು ಇಲ್ಲಿ ಗಡಿ, ಇಲ್ಲಿ ಗಡಿ ಎಂದು ತೋರಿಸಬೇಕು. ಇಬ್ಬರೂ ಹೌದೆಂದರೆ ನಕ್ಷೆಯಲ್ಲಿ ಚುಕ್ಕಿ ಬೀಳುತ್ತದೆ. ನಮ್ಮ ಕಡೆಯಿಂದ ಎಸ್ರಾನನ್ನು ಆರಿಸಿದರು, ಆ ಕಡೆಯಿಂದ ಷಡ್ರಾಕನನ್ನು. ಬೇರೆ ಯಾರೂ ಉಳಿದಿರಲಿಲ್ಲ.

ಎಸ್ರಾನಿಗೆ ಈ ಯೋಚನೆ ಹೊಳೆದದ್ದು ಹಾಲು ಕರೆಯುತ್ತಿದ್ದಾಗ. ಕರೆಯುವ ಕೈ ಅಲ್ಲೇ ನಿಂತಿತು. ಹಸು ತಿರುಗಿ ನೋಡಿತು. ಗಡಿಕಲ್ಲು ನಡುಗೋಡೆಯಲ್ಲಿದೆ, ಒಲೆ ಅದರ ಬಡಗಣಕ್ಕೆ, ಕಾರ್ಡಿಗನ್ ನೆಲದಲ್ಲಿದೆ. ನಿಜ. ಆದರೆ ಕಲ್ಲು ಮನೆಯ ಬಡಗಣ ಗೋಡೆಯ ಹೊರಗಿತ್ತು ಎಂದು ತಾನು ಹೇಳಿದರೆ ಇಡೀ ಮನೆ ಕಾರ್ಮಾರ್ದನ್‌ಗೆ ಸೇರುತ್ತದೆ. ಆ ಕಡೆಗೆ ಒಂದು ಮನೆ ಜಾಸ್ತಿ ಸಿಗುತ್ತದೆಂದರೆ ಷಡ್ರಾಕ್ ಯಾಕೆ ಬೇಡವೆನ್ನುತ್ತಾನೆ? ಲೆಟಿಯ ಮಾತೂ ಉಳಿಯಿತು, ಒಲೆಯೂ ಉಳಿಯಿತು. ಕಾಲು ಹಿಡಿದವನಿಗೂ ಕಲ್ಲು ಎಲ್ಲಿದೆ ಎಂದು ಗೊತ್ತಿದೆ ಎನ್ನುವುದನ್ನು ಎಸ್ರಾ ಮರೆತಿರಲಿಲ್ಲ. ಆದರೆ ಲಾಭ ಬರುವಾಗ ಮನುಷ್ಯ ಬಾಯಿ ಬಿಡುವುದಿಲ್ಲ ಎಂದು ಅವನ ನಂಬಿಕೆ. ಅವನು ಎಲ್ಲರನ್ನೂ ಕಾರ್ಡಿಗಳೆಂದುಕೊಂಡಿದ್ದ.

ಮೋಜಣಿಯ ಕಾರ್ಪೊರಲ್ ಹಂಫ್ರಿ ಬಡಗಣದ ಮೋನ್ ದ್ವೀಪದವನು, ನಮ್ಮ ಭಾಷೆಯವನೇ. ಮುಕ್ಕಾಲಿಯ ಮೇಲೆ ದುರ್ಬೀನು ಕೂರಿಸಿ, ಸಿಪಾಯಿಗಳ ಕೈಯಲ್ಲಿ ಸರಪಳಿ ಎಳೆಸುತ್ತಾ ಗುಡ್ಡದ ಮೇಲಿನ ಬುಗ್ಗೆಯಿಂದ ಹೊರಟ. ಗಡಿ ಬುಗ್ಗೆಯಿಂದ ಬಿಳಿಕಲ್ಲಿಗೆ, ಬಿಳಿಕಲ್ಲಿನಿಂದ ಹಳ್ಳಕ್ಕೆ. ಬುಗ್ಗೆಯ ಹತ್ತಿರ ಇಬ್ಬರೂ ಒಪ್ಪಿದರು. ನೋಡಲು ಬಂದಿದ್ದ ಊರವರೊಂದಿಗೆ ಎಲ್ಲರೂ ಎಸ್ರಾನ ಅಂಗಳಕ್ಕೆ ಇಳಿದರು.

"ಕಲ್ಲೆಲ್ಲಿ?" ಎಂದ ಕಾರ್ಪೊರಲ್.

ಎಸ್ರಾ ಅಡುಗೆಮನೆಯ ಆಚೆ, ಮುಟ್ಟಿದರೆ ತುರಿಸುವ ನೆಟಲ್ ಗಿಡ ಬೆಳೆದಿದ್ದ ಕಡೆ ಕೈ ತೋರಿಸಿದ. "ಇಲ್ಲಿತ್ತು ಸ್ವಾಮಿ. ನಮ್ಮಜ್ಜ ಕಿತ್ತು ಎಲ್ಲೋ ಹಾಕಿದ್ರಂತೆ. ಮನೆ ಪೂರ್ತಿ ಅವರ ಕಡೆಗೇ ಸೇರುತ್ತೆ."

ಊರವರ ಬಾಯಿ ತೆರೆದದ್ದು ಮುಚ್ಚಲಿಲ್ಲ. "ಅಯ್ಯೋ, ಎಸ್ರಾಗೆ ಜ್ವರ ಬಂದಿರ್ಬೇಕು!" ಎಂದಳೊಬ್ಬ ಮುದುಕಿ. "ಮನೇನೇ ಕೊಡ್ತಿದಾನಲ್ಲೇ! ಹೋದ ವಾರ ನಾನು ಒಂದು ಮೊಟ್ಟೆ ಕೇಳಿದ್ದಕ್ಕೆ ಕೋಳಿಗೆ ಹುಷಾರಿಲ್ಲ ಅಂದಿದ್ದ."

ಕಾರ್ಪೊರಲ್ ಷಡ್ರಾಕನ ಕಡೆ ತಿರುಗಿದ. "ನೀವೇನಂತೀರಿ ಹಿರಿಯರೇ? ಒಪ್ತೀರಲ್ಲ?"

ಷಡ್ರಾಕ್ ಎಸ್ರಾನನ್ನು ಒಮ್ಮೆ, ಮನೆಯ ಹೊಗೆಗೂಡನ್ನು ಒಮ್ಮೆ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಹೊಗೆಯಲ್ಲಿ ಅವನಿಗೆ ಕಂಡದ್ದು ತನ್ನ ಖಾಲಿ ಬಟ್ಟಲು.

"ಸುಳ್ಳು!" ಎಂದ. ಕೋಲೂರುತ್ತಾ ಕೊಟ್ಟಿಗೆಯ ಆಚೆ, ಗೊಬ್ಬರದ ತಿಪ್ಪೆಯ ಹತ್ತಿರ ಹೋಗಿ ನಿಂತ. "ಕಲ್ಲು ಇದ್ದದ್ದು ಇಲ್ಲಿ. ಇಡೀ ಮನೆ ಕಾರ್ಡಿಗನ್‌ದೇ. ನಮಗೆ ಬೇಡ ಇದು."

"ಷಡ್ರಾಕ್ ಮಾವ, ಸ್ವಲ್ಪ ನೆನಪು ಮಾಡ್ಕೊಳ್ಳಿ..."

"ಯಾವನೋ ನಿನಗೆ ಮಾವ? ಇನ್ನೂ ಆಗಿಲ್ಲ ನಾನು!"

ಕಾರ್ಪೊರಲ್ ಟೋಪಿ ತೆಗೆದು ತಲೆ ಕೆರೆದುಕೊಂಡ. ಗಡಿಯಾಳುಗಳು ಜಗಳವಾಡುವುದನ್ನು ಅವನು ಎಲ್ಲ ಕೌಂಟಿಗಳಲ್ಲೂ ನೋಡಿದ್ದ. ಒಂದು ಗೇಣು ಜವುಗಿಗಾಗಿ ಕೋಲು ಎತ್ತಿದವರನ್ನು ಬಿಡಿಸಿದ್ದ. "ನಂದು ನಂದು ಅಂತ ಹೊಡೆದಾಡೋರನ್ನ ನೋಡಿದೀನಪ್ಪ," ಎಂದ, "ನಿಂದು ನಿಂದು ಅಂತ ಹೊಡೆದಾಡೋರನ್ನ ಇವತ್ತೇ ನೋಡಿದ್ದು. ಈ ಮನೇಲಿ ದೆವ್ವಗಿವ್ವ ಇದೆಯೇನ್ರಿ?"

ಅಷ್ಟರಲ್ಲಿ ನಮ್ಮ ಗುಡ್ಡದ ಮಳೆ ಬಂತು. ಎಲ್ಲರೂ ಓಡಿ ಅಡುಗೆಮನೆ ಸೇರಿದರು. ಹಿಂದೆಯೇ, ತಲೆಗೆ ಶಾಲು ಹೊದ್ದು, ಕೈಯಲ್ಲಿ ಮುಚ್ಚಿದ ಡಬ್ಬಿ ಹಿಡಿದು ಲೆಟಿ ಬಂದಳು. ಗಡಿ ತೋರಿಸಲು ಹೊರಟ ದೊಡ್ಡಪ್ಪ ಹಸಿವಿನಿಂದ ಬೇಡದ್ದೆಲ್ಲ ಒಪ್ಪಿಕೊಂಡಾನೆಂದು ಕೌಲ್ ತಂದಿದ್ದಳು. ಎಸ್ರಾನ ಮನೆಯ ಹೊಸಿಲು ಅವಳು ದಾಟಿದ್ದು ಅದೇ ಮೊದಲು. ಎಸ್ರಾ ಗಡಿಬಿಡಿಯಿಂದ ಅವಳಿಗೆ ಸ್ಟೂಲು ಎಳೆದುಕೊಟ್ಟ. ಒಲೆಯಲ್ಲಿ ಮುಷ್ಟಿಗಾತ್ರದ ಒಂದೇ ಹೆಂಟೆ ಉಸಿರಾಡುತ್ತಿತ್ತು. ಅವಳು ಅದನ್ನು ನೋಡಿದಳು. ಅವನು ಅವಳು ನೋಡಿದ್ದನ್ನು ನೋಡಿದ.

"ಏನು ಜಗಳ?" ಎಂದಳು. ಮುದುಕಿ ಎಲ್ಲವನ್ನೂ ಹೇಳಿದಳು, ಮೊಟ್ಟೆಯ ವಿಷಯವನ್ನೂ ಬಿಡದೆ. ಲೆಟಿ ಡಬ್ಬಿ ಕೆಳಗಿಡಲಿಲ್ಲ.

"ದೊಡ್ಡಪ್ಪ, ನನ್ನ ಮುಖ ನೋಡಿ ಹೇಳು. ಕಲ್ಲೆಲ್ಲಿ?"

ಷಡ್ರಾಕ್ ಡಬ್ಬಿಯ ಮುಖ ನೋಡಿದ. "ತಿಪ್ಪೆ ಹತ್ರ ಅಂದ್ನಲ್ಲ. ಅದು ಆರಿಹೋಗುತ್ತೆ, ಕೊಡಮ್ಮ ಇತ್ಲಾಗಿ."

"ಎಸ್ರಾ?"

ನೆಟಲ್ ಗಿಡದ ಹತ್ತಿರ ಎಂದು ಹೇಳಲು ಎಸ್ರಾ ಬಾಯಿ ತೆರೆದ. ಆದರೆ ಬೆಳಿಗ್ಗೆಯಿಂದ ಸುಳ್ಳು ಹೇಳಿದಾಗಲೆಲ್ಲ ಅವನ ಕೈ ತಾನಾಗಿಯೇ ನೆತ್ತಿಗೆ ಹೋಗುತ್ತಿತ್ತು. ಈಗಲೂ ಹೋಯಿತು.

"ತಲೆ ಯಾಕೆ ಮುಟ್ಕೋತಿದೀಯ?"

"ಅಲ್ಲಿ ಕುಟ್ಟಿದ್ರು."

"ಎಲ್ಲಿ?"

ಸೇತುವೆಯ ಮೇಲೆ ಅವಳು ತನ್ನ ಮಾತು ನುಂಗಲಾರೆ ಎಂದದ್ದು ಅವನಿಗೆ ನೆನಪಾಯಿತು. ಮಾತಿಗಾಗಿ ಇಷ್ಟು ಕಟ್ಟುಬಿದ್ದವಳನ್ನು ಸುಳ್ಳಿನ ಮೇಲೆ ಕೂರಿಸಿದರೆ, ಅವಳು ಉರಿಸುವುದು ಕಾರ್ಡಿ ನೆಲದ ಒಲೆಯನ್ನೇ. ಅವಳಿಗೆ ಗೊತ್ತಾಗುವುದಿಲ್ಲ ಅಷ್ಟೇ. ತನಗೆ ಮಾತ್ರ ದಿನಾ ಗೊತ್ತಾಗುತ್ತಿರುತ್ತದೆ. ಒಲೆ ಕೆದಕುವ ಕಬ್ಬಿಣದ ಸಲಾಕೆ ತೆಗೆದುಕೊಂಡು ನಡುಗೋಡೆಯ ಹತ್ತಿರ ಹೋಗಿ ಸುಣ್ಣ ಕೆರೆದ. ಅಜ್ಜ, ಅಪ್ಪ, ತಾನು ಬಳಿದ ಸುಣ್ಣವೆಲ್ಲ ಹೊಪ್ಪಳಿಕೆಯಾಗಿ ಉದುರಿತು. ಒಳಗಿನಿಂದ ಬಿಳಿಕಲ್ಲು ಹಸುವಿನ ಕಣ್ಣಿನ ಹಾಗೆ ಹೊಳೆಯಿತು.

"ಇಲ್ಲಿ," ಎಂದ. "ಕಾಲು ಹಿಡ್ಕೊಂಡಿದ್ದೋರು ಷಡ್ರಾಕ್ ಮಾವನೇ."

"ಮೆಲ್ಲಗೇ ಕುಟ್ಟಿದ್ದೆ," ಎಂದು ಷಡ್ರಾಕ್ ಗೊಣಗಿದ. ಮರುಕ್ಷಣ ಅವನ ಮುಖ ಅರಳಿತು. "ನೋಡಿದ್ಯಾ ಲೆಟಿ? ಒಲೆ ಕಾರ್ಡಿ ಕಡೆಗೇ ಬಂತು! ನಮಗೆ ಬಂದಿದ್ದು ಸಗಣಿ ಕಡೆ."

ಕಾರ್ಪೊರಲ್ ಮನೆಯ ಮಧ್ಯೆ ಗೆರೆ ಎಳೆದುಕೊಂಡ. ಊರವರು, ಎಸ್ರಾ ಏನೂ ದಾನ ಮಾಡಲಿಲ್ಲವೆಂದು ಖಾತ್ರಿಯಾಗಿ, ನೆಮ್ಮದಿಯಿಂದ ಮನೆಗೆ ಹೋದರು. ಲೆಟಿ ಡಬ್ಬಿಯ ಮುಚ್ಚಳ ತೆಗೆದಳು. ಕೌಲನ್ನು ಎರಡು ಬಟ್ಟಲಿಗೆ ಬಗ್ಗಿಸಿ ಒಂದನ್ನು ಎಸ್ರಾನ ಮುಂದಿಟ್ಟಳು. ದೊಡ್ಡ ಮಾಂಸದ ತುಂಡು ಅದರಲ್ಲಿತ್ತು. ಷಡ್ರಾಕ್ ಅದನ್ನು ಕಂಡು ಕುದಿದುಹೋದ.

ಎಸ್ರಾ ತಿಂದ, ಬಟ್ಟಲು ನೆಕ್ಕಿದ, ಗೋಡೆ ನೋಡುತ್ತಾ ಕೂತ.

"ಗಡಿ ಸರಿಸೋಕೆ ಆಗಲ್ಲ," ಎಂದ ಕೊನೆಗೆ. "ನಂದು ತಪ್ಪಾಯ್ತು. ಆದ್ರೆ ಒಲೆ ಸರಿಸಬಾರದು ಅಂತ ಯಾರೂ ಹೇಳಿಲ್ವಲ್ಲ?"

"ಅಂದ್ರೆ?"

"ಹಸುಗಳನ್ನ ಇತ್ಲಾಗಿ ತರ್ತೀನಿ. ಒಲೆ ಅತ್ಲಾಗಿ ಹೋಗುತ್ತೆ."

"ನನ್ನನ್ನ ಕೊಟ್ಟಿಗೇಲಿ ಕೂರಿಸ್ತೀಯಾ?"

"ಕಾರ್ಮಾರ್ದನ್ ಅದು ಲೆಟಿ. ನಿಮ್ಮೂರೇ."

ಅವಳು ನಕ್ಕಳು. ನಕ್ಕಮೇಲೆ ಎದ್ದು ಕೊಟ್ಟಿಗೆಗೆ ಹೋಗಿ ಮೂಗು ಮುಚ್ಚಿಕೊಂಡು ನಾಲ್ಕೂ ಮೂಲೆ ನೋಡಿ ಬಂದಳು. "ಸುಣ್ಣ ಮೂರು ಸಲ ಬಳೀಬೇಕು," ಎಂದಳು. "ಕಂಜೂಸ್ ಸುಣ್ಣ ಅಲ್ಲ, ದಪ್ಪ ಸುಣ್ಣ. ಕಿಟಕಿ ಬೇಕು. ಇನ್ನೊಂದಿದೆ, ಅದನ್ನ ಆಮೇಲೆ ಹೇಳ್ತೀನಿ."

ಆ ಬೇಸಿಗೆ ಎಸ್ರಾ ತನ್ನ ಹೊಗೆಗೂಡನ್ನು ಕಲ್ಲು ಕಲ್ಲಾಗಿ ಬಿಚ್ಚಿದ, ಒಂದು ಕಲ್ಲೂ ಹಾಳಾಗದಂತೆ. ಹಸುಗಳು ಅಡುಗೆಮನೆಗೆ ಬಂದು, ಕಿಟಕಿಯಿಂದ ತಲೆ ಹೊರಹಾಕಿ ಹೋಗುವವರನ್ನು ಮಾತಾಡಿಸತೊಡಗಿದವು. ಹೊಸ ಹೊಗೆಗೂಡು ಮಾತ್ರ ಎಸ್ರಾನ ಕೈಯಲ್ಲಿ ಸೊಟ್ಟಗೆ ಏಳತೊಡಗಿತು. ಅಣಕಿಸಲು ಬಂದು ಬೇಲಿಯ ಮೇಲೆ ಕೂತಿದ್ದ ಷಡ್ರಾಕ್‌ಗೆ ಕೆಲವು ದಿನ ಅದು ಹಬ್ಬವಾಗಿತ್ತು. ಕೊನೆಗೆ ತಾಳಲಾಗಲಿಲ್ಲ. "ಏಳೋ ಆಚೆ! ಇದನ್ನ ನೋಡಿದ್ರೆ ನನ್ನ ಕತ್ತು ವಾಲುತ್ತೆ," ಎಂದು ಕೋಟು ಕಳಚಿ ತಾನೇ ಕಟ್ಟತೊಡಗಿದ. ಭಾನುವಾರ ಭಾನುವಾರ ಇಲ್ಲೇ ಕೌಲ್ ಎಂದು ಲೆಟಿ ಆಣೆಯಿಟ್ಟು ಹೇಳಿದ್ದಳೆಂಬುದು ಆಮೇಲೆ ತಿಳಿಯಿತು.

ಮದುವೆಯ ದಿನ ಲೆಟಿ ದೊಡ್ಡಪ್ಪನ ಒಲೆಯಿಂದಲೇ ಕೆಂಡ ತೆಗೆದು ಕಬ್ಬಿಣದ ಪಾತ್ರೆಯಲ್ಲಿಟ್ಟು ಸೇತುವೆ ದಾಟಿ ತಂದಳು. ಕೊಟ್ಟಿಗೆಯ ಬಾಗಿಲಿನಿಂದ ಒಳಗೆ ಬಂದಳು, ಕಾರ್ಡಿ ನೆಲ ತುಳಿಯದಂತೆ ಸುತ್ತು ಹಾಕಿ. ಕೆಂಡ ಒಲೆಗಿಟ್ಟು ಎಸ್ರಾನ ಕಡೆ ತಿರುಗಿದಳು.

"ಇನ್ನೊಂದಿದೆ ಅಂದಿದ್ನಲ್ಲ, ಅದು ಇದು. ಹೆಂಟೆ ಹಾಕೋವಾಗ ನೀನು ನೋಡಬಾರದು."

ಒಂದಾದ ಮೇಲೊಂದು ಹೆಂಟೆ ಬಿದ್ದ ಸದ್ದು ಎಸ್ರಾನಿಗೆ ಕೇಳಿಸಿತು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ನಡುನಡುವೆ ಸಣ್ಣಗೆ ನರಳಿದನೆಂದೂ ಹೇಳುತ್ತಾರೆ. ಹೊಗೆಗೂಡು ನೆಟ್ಟಗೆ ಹೊಗೆ ಎಳೆಯಿತು.

ಕೆಲವು ವರ್ಷಗಳ ಮೇಲೆ ಹೊಸ ನಕ್ಷೆ ಅಚ್ಚಾಗಿ ಚಾಪೆಲ್ಲಿಗೆ ಬಂತು. ಕುರಿ ಇರಲಿಲ್ಲ. ಕುರಿಯಿದ್ದಲ್ಲಿ ಅಕ್ಕಿಕಾಳಿನಷ್ಟು ಕರಿಯ ಮನೆ, ಅದರ ನಡುವೆ ಹಾದುಹೋಗುವ ಚುಕ್ಕಿಗೆರೆ. ಹಳೆಯ ನಕ್ಷೆ ಯಾರಿಗೂ ಬೇಡವೆಂದು ಗೊತ್ತಾದ ಕೂಡಲೇ ಎಸ್ರಾ ಅದನ್ನು ಪುಕ್ಕಟೆಯಾಗಿ ಮನೆಗೆ ಹೊತ್ತು ತಂದು, ಬಿಳಿಕಲ್ಲಿನ ಮೇಲೆ ತೂಗುಹಾಕಿದ.

ಆ ಭಾನುವಾರ ಷಡ್ರಾಕ್ ಬಟ್ಟಲು ಹಿಡಿದು ಕೂತು ಕುರಿಯನ್ನೇ ನೋಡುತ್ತಿದ್ದ. "ಇದಿದ್ದಾಗ ಎಲ್ಲರೂ ನೆಮ್ಮದಿಯಾಗಿದ್ವಿ," ಎಂದ. "ಜಗಳ ಬಂದ್ರೆ ಕುರಿ ಹೊಟ್ಟೇಲಿದೆ ಅಂದುಬಿಟ್ರೆ ಮುಗೀತಿತ್ತು."

"ಮಾತು ಸಾಕು ದೊಡ್ಡಪ್ಪ, ಬಟ್ಟಲು ಮುಂದೆ ಹಿಡಿ," ಎಂದಳು ಲೆಟಿ. "ಚಳಿ ಯಾಕೋ ಜಾಸ್ತಿ ಇವತ್ತು."

ಯಾರೂ ಹೇಳದೆಯೇ ಎಸ್ರಾ ಎದ್ದು, ಮೂಲೆಯಿಂದ ಇನ್ನೊಂದು ಹೆಂಟೆ ತಂದು ತನ್ನ ಕೈಯಾರೆ ಒಲೆಗೆ ಹಾಕಿದ. ರಾಶಿಯಲ್ಲೆಲ್ಲ ಹುಡುಕಿ ಚಿಕ್ಕದನ್ನೇ ಆರಿಸಿದ್ದ, ಅದು ಬೇರೆ ಮಾತು.